ಕರೆಂಟ್ ಬಿಲ್ಲಲ್ಲಿ ನೀರಿನ ಪಾಲು

ನಮ್ಮ ಮನೆಯಲ್ಲಿ ಕರೆಂಟ್ ಉಳಿಸುವುದು ಅಂದರೆ ಲೈಟ್ ಆರಿಸುವುದು. ಮಾವ ಈ ಕೆಲಸವನ್ನು ವ್ರತದ ಹಾಗೆ ಮಾಡುತ್ತಾರೆ. ರೂಮಿನಿಂದ ಯಾರಾದರೂ ಕಾಲು ಹೊರಗಿಟ್ಟರೆ ಸಾಕು, ಹಿಂದೆಯೇ ಟಪ್ ಅಂತ ಸ್ವಿಚ್ ಸದ್ದು. ಮಗ ಇನ್ನೂ ಬಚ್ಚಲಲ್ಲಿರುವಾಗಲೇ ಲೈಟ್ ಆರಿಸಿ ಅವನ ಕೈಲಿ ಕೂಗಿಸಿಕೊಂಡದ್ದೂ ಉಂಟು. ಇಷ್ಟೆಲ್ಲ ಶಿಸ್ತಿನ ನಡುವೆಯೂ ಕಳೆದ ಡಿಸೆಂಬರಿನಲ್ಲಿ 214 ಯೂನಿಟ್ ಓಡಿತ್ತು.

ಕರ್ನಾಟಕದಲ್ಲಿರುವವರಿಗೆ ಈ 214ರ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಎರಡು ಮಾತು. ಗೃಹಜ್ಯೋತಿ ಅನ್ನುವ ಸರ್ಕಾರದ ಉಚಿತ ಕರೆಂಟ್ ಯೋಜನೆ 2023ರ ಜುಲೈನಿಂದ ಇದೆ. 200 ಯೂನಿಟ್ ಫ್ರೀ ಅಂತ ಎಲ್ಲರ ಬಾಯಲ್ಲೂ ಇದ್ದರೂ ಎಲ್ಲ ಮನೆಗೂ 200 ಸಿಗಲ್ಲ. 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದರೋ ಅದರ ಮೇಲೆ ಶೇ. 10 ಸೇರಿಸಿದರೆ ಆ ಮನೆಯ ಪಾಲು. (ತೀರಾ ಕಡಿಮೆ ಬಳಸುವವರಿಗೆ ಆಮೇಲೆ ಶೇ. 10ರ ಬದಲು 10 ಯೂನಿಟ್ ಅಂತ ಮಾಡಿದರು.) ನಮ್ಮದು 185. ಅದನ್ನು ದಾಟಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್ಟಿಗಷ್ಟೇ ದುಡ್ಡು. 200 ದಾಟಿತೋ, ಮೊದಲನೇ ಯೂನಿಟ್ಟಿನಿಂದ ಪೂರ್ತಿ ಬಿಲ್. ನವೆಂಬರಿನಲ್ಲಿ ಸೊನ್ನೆ ಕಟ್ಟಿದ ಮನೆಗೆ ಡಿಸೆಂಬರಿನಲ್ಲಿ ಹತ್ತಿರ ಹತ್ತಿರ 1,900 ರೂಪಾಯಿ.

"ಮೀಟರ್ ಜೋರಾಗಿ ಓಡ್ತಿದೆ, ಕೆಇಬಿಗೆ ಒಂದು ಅರ್ಜಿ ಕೊಡಮ್ಮ" ಅಂದರು ಮಾವ. ಕೆಇಬಿ ಹೋಗಿ ಎಷ್ಟೋ ಕಾಲವಾಯಿತು, ನಮ್ಮ ಮೈಸೂರಿನ ಹಿರಿಯರಿಗೆ ಮಾತ್ರ ಅದು ಇವತ್ತಿಗೂ ಕೆಇಬಿಯೇ. ಅರ್ಜಿ ಆಮೇಲೆ, ಮೊದಲು ಬಿಲ್ ನೋಡೋಣ ಅಂತ ಕೂತೆ.

ರೀಡಿಂಗ್‌ನವರು ಹರಿದು ಕೊಡುವ ಆ ಉದ್ದ ಚೀಟಿಯಲ್ಲಿ ನಾವು ನೋಡುವುದು ಕೆಳಗಿನ ಮೊತ್ತ ಮತ್ತು ಕೊನೇ ದಿನಾಂಕ, ಅಷ್ಟೇ. ಡಿಸೆಂಬರಿನ ಚೀಟಿಯ ಮಧ್ಯದಲ್ಲಿ, 2025-26ರ ದರದಲ್ಲಿ, ಇದ್ದದ್ದು ಇದು: ಯೂನಿಟ್ಟಿಗೆ 5 ರೂಪಾಯಿ 80 ಪೈಸೆಯಂತೆ 214ಕ್ಕೆ 1,241. ಮಂಜೂರಾದ ಲೋಡ್ 3 ಕಿಲೋವ್ಯಾಟ್, ಒಂದಕ್ಕೆ 145ರಂತೆ 435 ನಿಗದಿತ ಶುಲ್ಕ. ಗೃಹಜ್ಯೋತಿ ಇಲ್ಲದವರಿಗೆ ಇದು ಮನೆಗೆ ಬೀಗ ಹಾಕಿ ಊರಿಗೆ ಹೋದರೂ ತಪ್ಪುವುದಿಲ್ಲ. ಬಳಕೆ ಶುಲ್ಕದ ಮೇಲೆ ಶೇ. 9 ತೆರಿಗೆ. ನೌಕರರ ಪಿಂಚಣಿ, ಗ್ರಾಚ್ಯುಟಿಗೆ ಅಂತ ಯೂನಿಟ್ಟಿಗೆ 36 ಪೈಸೆ. ಇಂಧನ ಹೊಂದಾಣಿಕೆ ಅನ್ನುವ ಇನ್ನೊಂದು ಬಾಬ್ತು, ಕರೆಂಟ್ ಕೊಳ್ಳುವ ಖರ್ಚು ಏರಿಳಿದ ಹಾಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ.

2025ರ ಏಪ್ರಿಲ್‌ನಲ್ಲಿ ದರ 5.90ರಿಂದ 5.80ಕ್ಕೆ ಇಳಿಯಿತು ಅಂತ ಖುಷಿಪಟ್ಟಿದ್ದೆವಲ್ವಾ? ಹತ್ತು ಪೈಸೆ ಇಳಿಸಿ, ಆ 36 ಪೈಸೆ ಸೇರಿಸಿ, ನಿಗದಿತ ಶುಲ್ಕವನ್ನು 120ರಿಂದ 145ಕ್ಕೆ ಏರಿಸಿದ್ದರು. ಕೊಡುವ ಕೈ ಒಂದು, ಕಿತ್ತುಕೊಳ್ಳುವ ಕೈ ಎರಡು.

ದರ ನಮ್ಮ ಕೈಲಿಲ್ಲ. ಯೂನಿಟ್ ಇದೆ. ಅದು ಎಲ್ಲಿ ಹೋಗುತ್ತಿದೆ ಅಂತ ಹುಡುಕಲು ಯಾವ ಉಪಕರಣವೂ ಬೇಡ, ಮೀಟರಿನಲ್ಲಿ ಮಿನುಗುವ ಚಿಕ್ಕ ಕೆಂಪು ದೀಪ ಸಾಕು. ಅದರ ಪಕ್ಕದಲ್ಲೇ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಅಂತ ಬರೆದಿರುತ್ತದೆ. ನಮ್ಮದರಲ್ಲಿ 3200. ಕೆಲವು ಮೀಟರಲ್ಲಿ 1600 ಇರುತ್ತದೆ, ನೋಡಿಕೊಳ್ಳಿ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಫ್ರಿಜ್ಜೂ ಸೇರಿ ಕಣ್ಣಿಗೆ ಬಿದ್ದ ಸ್ವಿಚ್ಚೆಲ್ಲ ಆರಿಸಿ, ಮೊಬೈಲ್ ಹಿಡಿದುಕೊಂಡು ಮೆಟ್ಟಿಲ ಕೆಳಗಿನ ಮೀಟರ್ ಮುಂದೆ ನಿಂತೆ. ದೀಪ ನಿಂತಿರಲಿಲ್ಲ. ಮುಕ್ಕಾಲು ನಿಮಿಷಕ್ಕೊಂದು ಸಲ ಮಿನುಗುತ್ತಿತ್ತು. ಲೆಕ್ಕ ಹಾಕಿದರೆ 25 ವ್ಯಾಟ್. ಸುಮ್ನೆ ಕೂತಿರುವ ಯುಪಿಎಸ್, ವೈಫೈ ಡಬ್ಬಿ, ರಿಮೋಟಿನಲ್ಲಷ್ಟೇ ಆರಿಸಿ ಬಿಟ್ಟಿದ್ದ ಸೆಟ್‌ಟಾಪ್ ಬಾಕ್ಸ್. ಹಗಲೂ ರಾತ್ರಿ ಹೀಗೆ ಹೋದರೆ ತಿಂಗಳಿಗೆ 18 ಯೂನಿಟ್. ಪರವಾಗಿಲ್ಲ ಅಂದುಕೊಳ್ಳುವಷ್ಟರಲ್ಲಿ ದೀಪ ಇದ್ದಕ್ಕಿದ್ದ ಹಾಗೆ ಸೆಕೆಂಡಿಗೊಂದು ಸಲ ಹೊಡೆದುಕೊಳ್ಳಲು ಶುರುಮಾಡಿತು. ಅದರ ಹಿಂದೆಯೇ ಸಂಪಿನ ಕಡೆಯಿಂದ ಗುಂಯ್ ಅಂತ ಸದ್ದು. ಮೋಟಾರು!

ನಮ್ಮದು ಒಂದು ಎಚ್‌ಪಿ ಮೋಟಾರು. ಟ್ಯಾಂಕಿನಲ್ಲಿ ನೀರು ಇಳಿದರೆ ತಾನೇ ಆನ್ ಆಗುತ್ತದೆ, ತುಂಬಿದರೆ ತಾನೇ ನಿಲ್ಲುತ್ತದೆ. ಓಡುವಾಗ ಗಂಟೆಗೆ ಸುಮಾರು ಒಂದು ಯೂನಿಟ್. ಆದರೆ ಮಲಗುವ ಮುಂಚೆ ತುಂಬಿದ್ದ ಟ್ಯಾಂಕು, ಯಾರೂ ನಲ್ಲಿ ಮುಟ್ಟದೆ ಇಳಿದದ್ದು ಹೇಗೆ?

ಉತ್ತರ ಮಹಡಿ ಮೇಲಿನ ಬಾತ್‌ರೂಮಿನಲ್ಲಿತ್ತು. ನೆಂಟರು ಬಂದಾಗ ಮಾತ್ರ ಬಳಸುವ ಬಾತ್‌ರೂಮು, ಬಾಗಿಲು ಯಾವಾಗಲೂ ಮುಚ್ಚಿರುತ್ತದೆ. ಬೆಳಿಗ್ಗೆ ಅಲ್ಲಿನ ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದು, ಕೇಸರಿಬಾತಿಗೆ ಹಾಕುವ ಬಣ್ಣ ಒಂದು ಚಿಟಿಕೆ ಉದುರಿಸಿದೆ. ಫ್ಲಶ್ ಮಾಡಲಿಲ್ಲ. ಒಂದು ನಿಮಿಷವೂ ಆಗಿರಲಿಲ್ಲ, ಕಮೋಡಿನ ಬಿಳಿ ಗೋಡೆ ಮೇಲೆ ಕೇಸರಿ ಎಳೆಯೊಂದು ಸದ್ದಿಲ್ಲದೆ ಇಳಿಯಿತು. ಒಳಗಿನ ರಬ್ಬರ್ ವಾಷರ್ ಸವೆದು ಒಂದು ಕಡೆ ಎದ್ದುಕೊಂಡಿತ್ತು. ಸಂಪಿನ ನೀರು ಮೇಲೇರಿ, ಅಲ್ಲಿಂದ ಸೀದಾ ಒಳಚರಂಡಿಗೆ. ಪ್ಲಂಬರ್ ಬಂದು ಹತ್ತು ನಿಮಿಷದಲ್ಲಿ ವಾಷರ್ ಬದಲಾಯಿಸಿ ಹೋದರು. ಮೊದಲು ದಿನಕ್ಕೆ ಗಂಟೆಗೂ ಜಾಸ್ತಿ ಓಡುತ್ತಿದ್ದ ಮೋಟಾರು ಈಗ ಇಪ್ಪತ್ತು ನಿಮಿಷ ಓಡಿದರೆ ಹೆಚ್ಚು. ತಿಂಗಳಿಗೆ 25 ಯೂನಿಟ್ ಇಲ್ಲೇ ಉಳಿಯಿತು. ನೀರಿನ ಬಿಲ್ ಬೇರೆ.

ನಿಮ್ಮ ಮನೆಯ ಮೋಟಾರಿಗೂ ಆಟೋಮ್ಯಾಟಿಕ್ ಡಬ್ಬಿ ಇದ್ದರೆ ಒಂದು ಮಾತು. ಅದು ಒಳ್ಳೆಯ ಸಾಧನವೇ, ಆದರೆ ಸೋರಿಕೆಯನ್ನು ಮುಚ್ಚಿಡುತ್ತದೆ. ಮೊದಲೆಲ್ಲ ನಲ್ಲಿಯಲ್ಲಿ ನೀರು ನಿಂತಾಗ "ಈಗ ತಾನೇ ತುಂಬಿಸಿದ್ವಲ್ಲ" ಅಂತ ಯಾರಾದರೂ ಗೊಣಗುತ್ತಿದ್ದರು. ಈಗ ಗೊಣಗುವವರೇ ಇಲ್ಲ.

ಇನ್ನು ಗೀಸರ್. ಇಲ್ಲಿ ಮಾವನ ಲೈಟಿನ ಲೆಕ್ಕಕ್ಕೆ ಬರುತ್ತೇನೆ. ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ಒಂದು ಯೂನಿಟ್ ಸುಡಬೇಕಾದರೆ 111 ಗಂಟೆ, ಅಂದರೆ ನಾಲ್ಕೂವರೆ ದಿನಕ್ಕೂ ಹೆಚ್ಚು ಹೊತ್ತು ಆರದೆ ಉರಿಯಬೇಕು. ಎರಡು ಕಿಲೋವ್ಯಾಟಿನ ಗೀಸರಿಗೆ ಅದೇ ಒಂದು ಯೂನಿಟ್ ಅರ್ಧ ಗಂಟೆಯ ಕೆಲಸ. ನಮ್ಮದು 25 ಲೀಟರಿನದು. ಡಿಸೆಂಬರಿನ ತಣ್ಣೀರನ್ನು ಒಂದು ಸಲ 60 ಡಿಗ್ರಿಗೆ ಏರಿಸಲು ಒಂದು ಯೂನಿಟ್ಟಿಗಿಂತ ಸ್ವಲ್ಪ ಜಾಸ್ತಿಯೇ ಬೇಕು. ನಾಲ್ಕು ಜನ ಸ್ನಾನ ಮಾಡಿ, ಮಧ್ಯೆ ಆರಿಸದೆ ಬಿಟ್ಟರೆ ದಿನಕ್ಕೆ ಮೂರು. ತಿಂಗಳಿಗೆ 90. ಮೋಟಾರಿನ 35 ಸೇರಿಸಿ ನೋಡಿ. 214ರಲ್ಲಿ 125 ಯೂನಿಟ್ ನೀರು ಏರಿಸಲು, ನೀರು ಕಾಯಿಸಲು ಹೋಗಿತ್ತು. ಮನೆಯ ಎಲ್ಲ ಲೈಟೂ ಸೇರಿ 11.

"ನೋಡಿ ಮಾವ" ಅಂತ ಕಾಗದ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. "ಹಾಗಂತ ಲೈಟ್ ಹಾಕ್ಕೊಂಡು ಕೂತ್ಕೋಬೇಕಾ?" ಅಂದರು. ಅತ್ತೆ ಒಳಗಿನಿಂದಲೇ, "ಹಂಡೆ ಒಲೆಗೆ ತೆಂಗಿನ ಗರಿ ತುರುಕ್ತಿದ್ವಿ, ಬಿಲ್ಲೂ ಇಲ್ಲ ಗಿಲ್ಲೂ ಇಲ್ಲ" ಅಂದರು. ಹೊಗೆಯಲ್ಲಿ ಕಣ್ಣು ಉಜ್ಜಿಕೊಂಡದ್ದು ಮಾತ್ರ ಅವರಿಗೆ ನೆನಪಿಲ್ಲ.

ತಮಾಷೆ ಅಂದರೆ ನಮ್ಮ ತಾರಸಿ ಮೇಲೆ ಸೋಲಾರ್ ವಾಟರ್ ಹೀಟರ್ ಇದೆ. ಮೈಸೂರಿನಲ್ಲಿ ಯಾವ ಬೀದಿಯ ತಾರಸಿ ನೋಡಿದರೂ ಇರುತ್ತದೆ. ನಮ್ಮದನ್ನು ಯಾರೂ ಬಳಸುತ್ತಿರಲಿಲ್ಲ, ಯಾಕೆಂದರೆ ಬಿಸಿನೀರು ಕೆಳಗಿನ ಬಚ್ಚಲಿಗೆ ಬರುವ ಮೊದಲು ಪೈಪಿನಲ್ಲಿ ನಿಂತಿರುವ ತಣ್ಣೀರು ಮುಕ್ಕಾಲು ಬಕೆಟ್ ಹೋಗಬೇಕು. ಮಗನಿಗೆ ಅಷ್ಟು ತಾಳ್ಮೆ ಎಲ್ಲಿ? ಗೀಸರ್ ಸ್ವಿಚ್ ಕೈಗೆ ಸಿಗುವ ಹಾಗೇ ಇದೆ. ಬರಬರುತ್ತಾ ನೀರೂ ಅಷ್ಟು ಬಿಸಿ ಬರುವುದು ನಿಂತಿತ್ತು. ರಿಪೇರಿಯವರನ್ನು ಕರೆಸಿದಾಗ ಎರಡು ಗಾಜಿನ ಟ್ಯೂಬು ಸೀಳು ಬಿಟ್ಟಿದ್ದವು. ಉಳಿದವುಗಳ ಒಳಗೆ ಬೋರ್‌ವೆಲ್ ನೀರಿನ ಸುಣ್ಣ, ಬೆರಳಲ್ಲಿ ಕೆರೆದರೆ ಹಪ್ಪಳದ ಚೂರಿನ ಹಾಗೆ ಏಳುತ್ತಿತ್ತು. ತೊಳೆದು, ಟ್ಯೂಬು ಬದಲಾಯಿಸಿ, ಬಿಸಿಲಿಗೆ ಬಿದ್ದ ಪೈಪಿಗೆ ಫೋಮ್ ಹೊದಿಕೆ ಸುತ್ತಿಸಿದೆವು. ಮೊದಲು ಬರುವ ತಣ್ಣೀರಿಗೆ ನಲ್ಲಿ ಕೆಳಗೆ ಒಂದು ಬಕೆಟ್ ಕಾಯಂ. ಅದು ನೆಲ ಒರೆಸಲು. ಮೊದಲು ಸ್ನಾನಕ್ಕೆ ಹೋಗುವವರು ಆ ಬಕೆಟ್ ತುಂಬಿಸಬೇಕು ಅನ್ನುವುದರ ಮೇಲೆ ಈಗ ಮನೆಯಲ್ಲಿ ಸಣ್ಣ ಜಗಳ ನಡೆಯುತ್ತಿದೆ. ಯಾರಿಗೂ ಮೊದಲು ಸ್ನಾನ ಬೇಡ.

ಗೀಸರ್ ತೆಗೆಸಿಲ್ಲ. ಆಷಾಢದ ಮೋಡದಲ್ಲಿ ಸೋಲಾರ್ ನಂಬಿದರೆ ತಣ್ಣೀರೇ ಗತಿ. ಅದರ ಥರ್ಮೋಸ್ಟ್ಯಾಟನ್ನು 50ಕ್ಕೆ ಇಳಿಸಿದೆ. ಹೇಗೂ ತಣ್ಣೀರು ಬೆರೆಸಿಯೇ ಸ್ನಾನ ಮಾಡುತ್ತೇವೆ.

ಏಸಿ ಬಗ್ಗೆ ನನಗೆ ಹೇಳಲು ಹೆಚ್ಚೇನಿಲ್ಲ, ನಮ್ಮಲ್ಲಿಲ್ಲ. ರಾಯಚೂರಿನಲ್ಲಿರುವ ನಾದಿನಿಯ ಮನೆಯ ಲೆಕ್ಕವೇ ಬೇರೆ, ಏಪ್ರಿಲ್ ಬಂದರೆ ಅಲ್ಲಿ ಗೀಸರ್ ಯಾರಿಗೆ ಬೇಕು? ಅವಳಿಗೆ 18ರಲ್ಲಿಡುವ ಏಸಿಯನ್ನು 24ಕ್ಕೆ ಇಡು, ಒಂದೊಂದು ಡಿಗ್ರಿಗೂ ಸುಮಾರು ಶೇ. 6 ಉಳಿಯುತ್ತದೆ ಅಂದೆ. "ನೀವು ಒಂದು ಮೇ ತಿಂಗಳು ಇಲ್ಲಿದ್ದು ನೋಡಿ ಅತ್ತಿಗೆ, ಆಮೇಲೆ ಮಾತಾಡೋಣ" ಅಂದಳು. ನ್ಯಾಯವೇ.

ಫೆಬ್ರವರಿಯಲ್ಲಿ 126 ಯೂನಿಟ್ ಬಂತು, ಬಿಲ್ ಸೊನ್ನೆ. ಮುಂದಿನ ಸರದಿ ಫ್ಯಾನುಗಳದ್ದು. ಹಳೆಯವು ಒಂದೊಂದೂ 75 ವ್ಯಾಟ್ ತಿನ್ನುತ್ತವೆ, ಬಿಎಲ್‌ಡಿಸಿ ಅನ್ನುವ ಹೊಸ ಬಗೆಯ ಮೋಟಾರಿನ ಫ್ಯಾನು 30ರ ಆಸುಪಾಸು. ಎಲ್ಲ ಒಟ್ಟಿಗೆ ಬದಲಾಯಿಸುವುದಿಲ್ಲ. ದಿನಕ್ಕೆ ಹದಿನಾಲ್ಕು ಗಂಟೆ ತಿರುಗುವ ಮಾವನ ರೂಮಿನದು ಮೊದಲು. ಅದು ರಿಮೋಟಿನಲ್ಲಿ ಓಡುವುದು ಅಂತ ಅವರಿಗಿನ್ನೂ ಹೇಳಿಲ್ಲ.