ಫ್ಲಾಟ್ ಬೆಂಚ್ ಒಂದೇ ಸಾಲದು

ಸೋಮವಾರ ಸಂಜೆ ಯಾವ ಜಿಮ್‌ಗೆ ಹೋದರೂ ಫ್ಲಾಟ್ ಬೆಂಚ್, ಅಂದರೆ ಮಟ್ಟವಾಗಿ ಮಲಗಿ ಭಾರ ಒತ್ತುವ ಬೆಂಚ್, ಮಾತ್ರ ಖಾಲಿ ಸಿಗುವುದಿಲ್ಲ. ಪಕ್ಕದ, ತಲೆಯ ಕಡೆ ಎತ್ತರವಾಗಿರುವ ಇನ್‌ಕ್ಲೈನ್ ಬೆಂಚ್ ಮೇಲೆ ಯಾರದೋ ಟವೆಲ್, ನೀರಿನ ಬಾಟಲಿ ಬಿದ್ದಿರುತ್ತವೆ. ಎದೆ ಚೆನ್ನಾಗಿ ತುಂಬಿಕೊಂಡು ಕಾಣಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಆ ಟವೆಲ್ ಎತ್ತಿಟ್ಟು ಅಲ್ಲಿಂದಲೇ ಶುರು ಮಾಡಿ.

ಎದೆಯ ದೊಡ್ಡ ಸ್ನಾಯು ಒಂದೇ, ಆದರೆ ಅದರ ಎಳೆಗಳು ಬೇರೆ ಬೇರೆ ಕಡೆಯಿಂದ ಬರುತ್ತವೆ. ಮೇಲಿನವು ಕೊರಳೆಲುಬಿನಿಂದ, ಉಳಿದವು ಎದೆಯ ನಡುಮೂಳೆ ಮತ್ತು ಪಕ್ಕೆಲುಬುಗಳ ಕಡೆಯಿಂದ. ಎಲ್ಲವೂ ಹೋಗಿ ಸೇರುವುದು ತೋಳಿನ ಮೂಳೆಗೆ. ಫ್ಲಾಟ್ ಬೆಂಚ್‌ನಲ್ಲಿ ನಡುವಿನ, ಕೆಳಗಿನ ಭಾಗಕ್ಕೆ ಒಳ್ಳೆಯ ಕೆಲಸ ಸಿಗುತ್ತದೆ, ಮೇಲಿನದಕ್ಕೆ ಅಷ್ಟಿಲ್ಲ. ವರ್ಷಗಟ್ಟಲೆ ಅದೊಂದನ್ನೇ ಮಾಡಿದರೆ ಕೆಳಗೆ ದಪ್ಪ, ಕೊರಳ ಹತ್ತಿರ ಚಪ್ಪಟೆ. ಬನಿಯನ್ ಹಾಕಿದಾಗ ಎದ್ದು ಕಾಣುತ್ತದೆ, ಅಲ್ವಾ?

ಮೇಲಿನ ಭಾಗಕ್ಕೆ ಬೇಕಾದದ್ದು ಇನ್‌ಕ್ಲೈನ್ ಪ್ರೆಸ್, ಅಂದರೆ ಓರೆ ಬೆಂಚ್ ಮೇಲೆ ಒರಗಿ ಭಾರವನ್ನು ಮೇಲಕ್ಕೆ ಒತ್ತುವುದು. ಬೆಂಚನ್ನು ಸುಮಾರು 30 ಡಿಗ್ರಿಗೆ ಎತ್ತಿಕೊಳ್ಳಿ. 45 ದಾಟಿದರೆ ಜಾಸ್ತಿ ಭಾರ ಭುಜದ ಪಾಲಾಗುತ್ತದೆ. ಇಲ್ಲಿ ನನಗೆ ಬಾರ್‌ಗಿಂತ ಡಂಬಲ್ ಇಷ್ಟ, ಯಾಕೆಂದರೆ ಒಂದೊಂದು ಕೈಯೂ ತನ್ನ ಪಾಲಿನ ಭಾರ ತಾನೇ ಹೊರಬೇಕು, ಬಲಗೈ ಎಡಗೈಗೆ ಸಹಾಯ ಮಾಡಲು ಆಗುವುದಿಲ್ಲ. ಎಡಗೈ ಸೋತ ಕಡೆ ಸೆಟ್ (ನಿಲ್ಲಿಸದೆ ಮಾಡುವ ಒಂದು ಸುತ್ತು) ಮುಗಿಸಿ. ಬೆನ್ನಿನ ರೆಕ್ಕೆಮೂಳೆಗಳನ್ನು ಹಿಂದಕ್ಕೆ ಎಳೆದು ಬೆಂಚಿಗೆ ಒತ್ತಿಡಿ, ಮೊಣಕೈ ಪೂರ್ತಿ ಅಗಲಕ್ಕೆ ಹೋಗದಂತೆ ಸ್ವಲ್ಪ ಒಳಗೆ ಇರಲಿ. ಇಳಿಸುವಾಗ ಎರಡು ಮೂರು ಸೆಕೆಂಡ್ ತೆಗೆದುಕೊಳ್ಳಿ. ಕೆಳಗೆ ಎದೆ ಚೆನ್ನಾಗಿ ಎಳೆದಂತೆ ಆಗಬೇಕು, ಆಮೇಲೆ ಮೇಲಕ್ಕೆ ಒತ್ತಿ. ಭಾರ ಜಾಸ್ತಿ ಹಾಕಿ ಅರ್ಧಕ್ಕೇ ನಿಲ್ಲಿಸುವುದು ಸುಮ್ನೆ ವೇಸ್ಟ್.

ಇನ್ನರ್ ಚೆಸ್ಟ್‌ಗೆ ಯಾವ ಎಕ್ಸರ್‌ಸೈಜ್ ಅಂತ ತುಂಬಾ ಜನ ಕೇಳುತ್ತಾರೆ. ಎಳೆಗಳು ನಡುಮೂಳೆಯಿಂದ ತೋಳಿನವರೆಗೆ ಓಡುತ್ತವೆ, ಅದರ ಒಳ ಅಂಚನ್ನು ಮಾತ್ರ ಬೆಳೆಸಲು ಬರುವುದಿಲ್ಲ. ನಡುವಿನ ಸಂದು ಎಷ್ಟು ಅಗಲ ಅನ್ನುವುದು ಹುಟ್ಟಿನಿಂದ ಬಂದದ್ದು. ಕೇಬಲ್ ಫ್ಲೈ (ಮೆಷೀನಿನ ಕೇಬಲ್ ಹಿಡಿದು ಚಾಚಿದ ಕೈಗಳನ್ನು ಎದೆಯ ಮುಂದೆ ಕೂಡಿಸುವುದು) ಮಾಡಿ, ಒಳ್ಳೆಯದೇ, ಆದರೆ ಅದು ಇಡೀ ಎದೆಗೆ. ಗೆರೆ ಎದ್ದು ಕಾಣಬೇಕೆಂದರೆ ಮೇಲಿನ ಕೊಬ್ಬು ಕರಗಬೇಕು, ಅದು ತಟ್ಟೆಯ ವಿಷಯ. ಮೈತೂಕದ ಕಿಲೋಗೆ ಸುಮಾರು 1.6 ಗ್ರಾಂ ಪ್ರೋಟೀನ್ ಲೆಕ್ಕ ಹಿಡಿದರೆ 60 ಕಿಲೋ ಇರುವವರಿಗೆ ದಿನಕ್ಕೆ 96 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿರುವುದು 6 ಗ್ರಾಂ. ಬರೀ ಅನ್ನ ಸಾರಿನಲ್ಲಿ ಅಷ್ಟು ತಲುಪುವುದು ಕಷ್ಟ, ಕಾಳು, ಮೊಸರು, ಮೊಟ್ಟೆ, ಕೋಳಿ ಜಾಸ್ತಿ ಮಾಡಿಕೊಳ್ಳಿ.

ಇನ್ನು ಬೆನ್ನು. ಇದನ್ನು ಬಿಡಲೇಬೇಡಿ. ಎದೆಗೆ ಎಷ್ಟು ಸೆಟ್ಟೋ ಕನಿಷ್ಠ ಅಷ್ಟೇ ರೋಯಿಂಗ್ (ಭಾರವನ್ನು ಮೈ ಕಡೆಗೆ ಎಳೆಯುವುದು) ಸೆಟ್ ಮಾಡಿ. ದಿನವಿಡೀ ಕಂಪ್ಯೂಟರ್ ಮುಂದೆ ಬಗ್ಗಿ ಕೂತು, ಸಂಜೆ ಬರೀ ಪ್ರೆಸ್ ಮಾಡಿದರೆ ಭುಜ ಮುಂದಕ್ಕೆ ಬಾಗಿಕೊಂಡೇ ಇರುತ್ತದೆ, ಬೆಳೆದ ಎದೆಯೂ ಒಳಗೆ ಕುಸಿದಂತೆ ಕಾಣುತ್ತದೆ. ಮೈಸೂರಿನ ಗರಡಿಗಳಲ್ಲಿ ದಂಡ ಹೊಡೆಯುವ ಪೈಲ್ವಾನರನ್ನು ನೋಡಿ, ಒಂದೇ ಏಟಿಗೆ ಎದೆ, ಭುಜ, ಬೆನ್ನು ಎಲ್ಲ ಕೂಡಿ ದುಡಿಯುತ್ತವೆ.

ಜಿಮ್ ಇಲ್ಲದವರು ಕಾಲನ್ನು ಕುರ್ಚಿ ಮೇಲಿಟ್ಟು ಪುಷ್‌ಅಪ್ ಮಾಡಿ. ಮೇಲಿನ ಎದೆಗೆ ಅದೇ ಇನ್‌ಕ್ಲೈನ್ ಪ್ರೆಸ್. ಕುರ್ಚಿ ಗೋಡೆಗೆ ಒರಗಿರಲಿ, ಜಾರಬಾರದು.