ಚಪ್ಪಲಿಯ ಫೋಟೋ

ಕಾಸರಗೋಡಿನ ಚಂದ್ರಗಿರಿ ಹೊಳೆ ಬದಿಯಲ್ಲಿ ಸಿಕ್ಕಿದ ಒಂದು ಚಪ್ಪಲಿ. ನೀಲಿ ಬಾರು, ಸವೆದ ಹಿಮ್ಮಡಿ. ಅದರ ಫೋಟೋ ಜೂಮ್ ಮಾಡಿ ಮಾಡಿ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಮೂರು ದಿನದಿಂದ ಪತ್ತೇದಾರಿಕೆ. ಕಾಣೆಯಾದ ಹುಡುಗನದ್ದೇ ಅಂತ ಒಬ್ಬರು, ಯಾರೋ ತಂದಿಟ್ಟದ್ದು ಅಂತ ಇನ್ನೊಬ್ಬರು. ಅಲ್ಲ ಮಾರಾಯ್ರೇ, ಅದು ಅಳಿವೆ ಹತ್ತಿರದ ಜಾಗ, ದಿನಕ್ಕೆ 2 ಸಲ ಉಬ್ಬರ ಬಂದು ನೀರು ಮೇಲಕ್ಕೆ ನುಗ್ಗುತ್ತದೆ, ಇಳಿಯುವಾಗ ಎಲ್ಲಿಯದ್ದೋ ಕಸ ಎಲ್ಲಿಗೋ ತಂದು ಹಾಕುತ್ತದೆ, ಸಿಕ್ಕಿದಲ್ಲೇ ಬಿದ್ದದ್ದು ಅಂತ ಹೇಗೆ ಹೇಳುವುದು?

ಹುಡುಗನ ಫೋನು ಕಡೆಗೆ ಹಿಡಿದ ಟವರ್ ಇಲ್ಲಿಯದ್ದೇ, ಹಾಗಾಗಿ ಅವನು ಇಲ್ಲೇ ಇದ್ದ ಅಂತ ಇನ್ನೊಂದು ವಾದ. ಟವರ್ ಅಂದ್ರೆ ಮನೆ ನಂಬರ್ ಅಲ್ಲವಲ್ಲ. ಹಳ್ಳಿ ಕಡೆ ಒಂದೇ ಟವರ್ ಕೆಲವು ಕಿಲೋಮೀಟರ್ ನೋಡಿಕೊಳ್ಳುತ್ತದೆ. ಕರ್ನಾಟಕ-ಕೇರಳದ ತಲಪಾಡಿ ಗಡಿ ಹತ್ತಿರ ನಿಂತರೆ ನನ್ನ ಫೋನು ಯಾವ ರಾಜ್ಯದ್ದು ಹಿಡಿಯುತ್ತದೆ ಅಂತ ಅದಕ್ಕೇ ಗೊತ್ತು.

ನಾನೇನೂ ಸಾಚಾ ಅಲ್ಲ. ಮೊನ್ನೆ ರಾತ್ರಿ ಸುಮ್ನೆ ‘ಬ್ಯಾಗ್ ಎಲ್ಲಿ ಹೋಯ್ತು?’ ಅಂತ ಬರೆದು ಮಲಗಿದ್ದೆ. ಬೆಳಗ್ಗೆ ಅದಕ್ಕೆ 40 ಉತ್ತರ. ಹುಡುಗನ ಚಿಕ್ಕಮ್ಮನೂ ಅದೇ ಗ್ರೂಪಿನಲ್ಲಿ ಇದ್ದಾರೆ ಅಂತ ಆಮೇಲೆ ನೆನಪಾಯಿತು. ಮೆಸೇಜ್ ಒತ್ತಿ ನೋಡಿದೆ, ಓದಿದವರ ಪಟ್ಟಿಯಲ್ಲಿ ಅವರ ಹೆಸರು, ರಾತ್ರಿ 2.17ಕ್ಕೆ. ಡಿಲೀಟ್ ಮಾಡಿದೆ, ಇನ್ನೇನು ಪ್ರಯೋಜನ.