ಹರ್ನಿಯಾ ಅಲ್ಲವಂತೆ

ಜುಲೈ 12, 2024, ಶುಕ್ರವಾರ
ರಾಯಚೂರು

ಬೆಳಿಗ್ಗೆ ಬೆಂಗಳೂರಿನಿಂದ ಬಂದಿಳಿದೆವು. ಸೋದರಮಾವನ ಎರಡನೇ ರಿಪೋರ್ಟೂ ಅದನ್ನೇ ಹೇಳಿದೆ: ಲೈಪೋಸಾರ್ಕೋಮಾ. ಕೊಬ್ಬಿನಲ್ಲಿ ಹುಟ್ಟುವ ಕ್ಯಾನ್ಸರ್. ಬಲು ಅಪರೂಪದ್ದು. ವೃಷಣದೊಳಗೆ ಅಲ್ಲ, ಅಲ್ಲಿಂದ ತೊಡೆಸಂದಿಗೆ ಏರುವ ಹುರಿಯಲ್ಲಿದೆ. ವೀರ್ಯನಾಳ, ರಕ್ತನಾಳ ಎಲ್ಲ ಸೇರಿದ ಹುರಿ ಅದು.

ಮಾವ ಗಂಜ್‌ನಲ್ಲಿ, ಅಂದರೆ ಮಾರುಕಟ್ಟೆಯಲ್ಲಿ, ಹಮಾಲಿ. ತೊಡೆಸಂದಿಯಲ್ಲಿ ಗಡ್ಡೆ ಕಂಡಾಗ ಎಲ್ಲರದೂ ಒಂದೇ ಮಾತು, "ಚೀಲ ಎತ್ತಿ ಎತ್ತಿ ಹರ್ನಿಯಾ ಆಗೇತಿ." ಇನ್ನೂ ಕೆಳಗೆ ಊದಿದ್ದರೆ "ನೀರು ತುಂಬೇತಿ" ಅನ್ನುತ್ತಿದ್ದರು. ಹಾಗನ್ನುವುದರಲ್ಲಿ ತಪ್ಪೇನಿಲ್ಲ ಬಿಡಿ. ನಮ್ಮದು ಆನೆಕಾಲು ರೋಗ ಇರುವ ಜಿಲ್ಲೆ, ಅದರಿಂದ ಹೈಡ್ರೋಸಿಲ್ ಆಗುತ್ತೆ. ಹೆಚ್ಚಿನವು ನಿಜಕ್ಕೂ ನೀರೋ ಹರ್ನಿಯಾನೋ ಆಗಿರುತ್ತವೆ. ಅದಕ್ಕೇ ಇಂಥದ್ದು ಯಾರ ಕಣ್ಣಿಗೂ ಬೀಳದೆ ಬೆಳೆಯುತ್ತೆ.

ಸ್ಕ್ಯಾನ್ ಮಾಡಿಸದೇ ಆಪರೇಷನ್ ಮಾಡಿದರು. ಒಳಗೆ ಸಿಕ್ಕಿದ್ದು ಕರುಳಲ್ಲ, ಹಳದಿ ಕೊಬ್ಬಿನ ಗಡ್ಡೆ. ಆ ಸರ್ಜನ್ ಅದನ್ನು ಎಸೆಯದೆ ಲ್ಯಾಬಿಗೆ ಕಳಿಸಿದರು. ಸ್ಕ್ಯಾನ್ ವಿಷಯದಲ್ಲಿ ನನಗಿನ್ನೂ ಸಿಟ್ಟಿದೆ. ಆದರೆ ಇದೊಂದಕ್ಕೆ ಅವರಿಗೆ ಕೈಮುಗಿಯುತ್ತೇನೆ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವಾಗ ಸ್ಲೈಡಿನ ಜೊತೆ ಬ್ಲಾಕನ್ನೂ, ಅಂದರೆ ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟದ್ದನ್ನೂ, ಒಯ್ದಿದ್ದೆವು. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಮಾವ ಆ ಪ್ಲಾಸ್ಟಿಕ್ ಡಬ್ಬಿ ತೆಗೆದು ನೋಡಿದ. ಬಿಳಿ ಮೇಣದ ಬಿಲ್ಲೆಗಳು, ಒಂದೊಂದರ ನಡುವೆ ಉಗುರಗಲದ ಚೂರು.

"ಅಳಿಯಾ, ಇದು ನಂದಾ?"

"ಹೂಂ ಮಾವ."

"ರೊಕ್ಕ ಕೊಟ್ಟು ತೆಗಿಸಿದ್ದನ್ನ ಮತ್ತ ರೊಕ್ಕ ಕೊಟ್ಟು ಹೊತ್ಕೊಂಡು ಹೊಂಟೀವಲ್ಲೋ!"

ಎದುರಿಗೆ ಕೂತವರೂ ನಕ್ಕರು. ಏನು ಅಂತ ಅವರಿಗೆ ಗೊತ್ತಿರಲಿಲ್ಲ, ಪುಣ್ಯ.

ಬ್ಲಾಕ್ ಯಾಕೆ ಬೇಕು ಅಂದರೆ, ಸಾದಾ ಕೊಬ್ಬಿನ ಗಡ್ಡೆ ಮತ್ತು ಈ ಕ್ಯಾನ್ಸರ್ ಮೈಕ್ರೋಸ್ಕೋಪಿನಲ್ಲಿ ಹೆಚ್ಚುಕಡಿಮೆ ಒಂದೇ ಥರ ಕಾಣಬಹುದು. ಎಂಡಿಎಂ2 ಅನ್ನೋ ಜೀನ್‌ನ ಪ್ರತಿಗಳು ಜಾಸ್ತಿ ಇವೆಯಾ ಅಂತ ನೋಡುತ್ತಾರೆ. ಮಾವನದರಲ್ಲಿ ಇದ್ದವು.

ಈಗ ಇನ್ನೊಂದು ಆಪರೇಷನ್. ತೊಡೆಸಂದಿಯಿಂದಲೇ ಕೊಯ್ದು ಹುರಿ, ವೃಷಣ, ಸುತ್ತಲಿನ ಒಂದಿಷ್ಟು ಭಾಗ ಒಟ್ಟಿಗೆ ತೆಗೆಯುತ್ತಾರೆ. ಕೆಳಗಿನ ವೃಷಣಚೀಲಕ್ಕೆ ಸೂಜಿಯನ್ನೂ ಚುಚ್ಚುವುದಿಲ್ಲ, ಚುಚ್ಚಿದರೆ ಕ್ಯಾನ್ಸರ್ ಕಣ ಅಲ್ಲಿಗೂ ಹರಡುವ ಭಯ. ಮಾವನದು ನಿಧಾನಕ್ಕೆ ಬೆಳೆಯುವ ಜಾತಿಯ ಕ್ಯಾನ್ಸರ್. ದೂರಕ್ಕೆ ಹರಡುವುದು ಕಡಿಮೆ, ಆದರೆ ಎಷ್ಟೋ ವರ್ಷದ ಮೇಲೂ ಅದೇ ಜಾಗದಲ್ಲಿ ಮತ್ತೆ ಬರಬಹುದು. ಕೀಮೋ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಅದಕ್ಕೇ ವರ್ಷಗಟ್ಟಲೆ ಚೆಕಪ್.

ವೃಷಣದ ಕ್ಯಾನ್ಸರ್ ಅಂದರೆ ಸಾಮಾನ್ಯವಾಗಿ ಹರೆಯದ ಹುಡುಗರದ್ದು, ವೀರ್ಯಾಣು ಮಾಡುವ ಕೋಶಗಳಲ್ಲಿ ಹುಟ್ಟುವಂಥದ್ದು. ಹರಡಿದ್ದರೂ ಬಹಳಷ್ಟು ಸಲ ವಾಸಿಯಾಗುತ್ತೆ. ಅರವತ್ತು ದಾಟಿದವರ ವೃಷಣ ಊದಿದರೆ ಲಿಂಫೋಮಾ, ಅಂದರೆ ಬಿಳಿ ರಕ್ತಕಣದ ಕ್ಯಾನ್ಸರ್, ಇರಬಹುದು. ಮಕ್ಕಳಲ್ಲಾದರೆ ವೃಷಣದ ಸುತ್ತಮುತ್ತ ರಾಬ್ಡೋಮಯೋಸಾರ್ಕೋಮಾ, ಸ್ನಾಯುವಿನ ಥರದ ಕೋಶಗಳ ಕ್ಯಾನ್ಸರ್. ವೃಷಣದ ಹೊದಿಕೆಯಲ್ಲಿ ಮೀಸೋಥೀಲಿಯೋಮಾ ಅನ್ನೋ ಕ್ಯಾನ್ಸರ್ ಬಂದರೆ ಬರೀ ಹೈಡ್ರೋಸಿಲ್ ಥರವೇ ಕಾಣಬಹುದಂತೆ. ಇದನ್ನು ಕೇಳಿ ನನಗೆ ಗಂಜ್‌ನ ಎಷ್ಟು ಜನ ನೆನಪಾದರು!

ಅತ್ತೆಗೆ ಮಾವ ಇನ್ನೂ "ಹರ್ನಿಯಾ ಹೊಲಿಗಿ ಬಿಚ್ಚೇತಿ" ಅಂತಲೇ ಹೇಳಿದ್ದಾನೆ. ನಾಚಿಕೆ. ಒಂದು ವೃಷಣ ಉಳಿದರೂ ಗಂಡಸಿನ ಹಾರ್ಮೋನಿಗೆ ಸಾಕು ಅಂತ ಡಾಕ್ಟರ್ ಹೇಳಿದ್ದನ್ನು ಮಾತ್ರ ನನ್ನ ಹತ್ತಿರ ಮತ್ತೆ ಮತ್ತೆ ಕೇಳಿಸಿಕೊಂಡ. ರಾತ್ರಿ ಊಟಕ್ಕೆ ಕರೆದಿದ್ದಾರೆ. ಅತ್ತೆಗೆ ನೀನೇ ಹೇಳು ಅಂದಿದ್ದೇನೆ, ನಾನು ಪಕ್ಕದಲ್ಲಿ ಕೂತಿರುತ್ತೇನೆ. ಸೋಮವಾರ ಸಿಟಿ ಸ್ಕ್ಯಾನ್. ರೇಷನ್ ಕಾರ್ಡು, ಆಧಾರ್ ಎರಡರದೂ ಜೆರಾಕ್ಸ್ ಮಾಡಿಸಬೇಕು.